ಹತ್ತು ಭಾನುವಾರ, 4,800 ರೂಪಾಯಿ: ಚಿಕ್ಕಬಳ್ಳಾಪುರದ ಒಂದು ವ್ಯಕ್ತಿತ್ವ ವಿಕಸನ ತರಬೇತಿಯ ವಿಮರ್ಶೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆದು, ಮಾದರಿ ತೆಗೆದು, ಫ್ಯಾಟ್ ನೋಡಿ, ಲೆಕ್ಕ ಬರೆಯುವ ಕೆಲಸದಲ್ಲಿ ಹಬ್ಬದ ದಿನವೂ ತಪ್ಪದ ನಾನು, ಮುಕ್ತ ವಿಶ್ವವಿದ್ಯಾಲಯದ ಬಿ.ಕಾಂ. ಪದವಿಗೆ ಎರಡು ಸಲ ಸೇರಿ ಎರಡು ಸಲವೂ ಅರ್ಧಕ್ಕೆ ಕೈಬಿಟ್ಟವನೂ ಹೌದು. ಮೂರನೆಯ ಸಲ ಪುಸ್ತಕಗಳ ಕಟ್ಟು ಮನೆಗೆ ಬಂದಾಗ ನನ್ನ ಹೆಂಡತಿ, "ಇವನ್ನ ಈಗಲೇ ಅಟ್ಟಕ್ಕೆ ಹಾಕೋದಾ, ಇಲ್ಲ ಸ್ವಲ್ಪ ದಿನ ಕೆಳಗೆ ಇರ್ಲಾ?" ಎಂದು ಕೇಳಿದಳು. ಅದೇ ವಾರ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಕರಪತ್ರ ಕೈಗೆ ಸಿಕ್ಕಿತು. ನಾಯಕತ್ವ, ಪ್ರೇರಣೆ, ಶಿಸ್ತು ಎಂಬ ಮೂರು ಪದಗಳನ್ನು ಮೂರು ಬಣ್ಣದಲ್ಲಿ ಅಚ್ಚು ಹಾಕಿ, ಹತ್ತು ಭಾನುವಾರಗಳಲ್ಲಿ ಬದುಕನ್ನೇ ಬದಲಿಸುವ ಭರವಸೆಯನ್ನು ಅದು ಕೊಡುತ್ತಿತ್ತು. ಶುಲ್ಕ 4,800 ರೂಪಾಯಿ.

ಹತ್ತೂ ಭಾನುವಾರ ಹೋಗಿ ಬಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಸ್ಥೆ ಚಿಕ್ಕದು, ನನ್ನ ಆಕ್ಷೇಪಗಳು ಕೆಲವು ಖಾರವಾಗಿವೆ. ಆದ್ದರಿಂದ ಹೆಸರನ್ನು ಬರೆಯುವುದಿಲ್ಲ. ಇಂಥ ತರಬೇತಿಗಳು ಈಗ ತಾಲ್ಲೂಕು ಕೇಂದ್ರಗಳಲ್ಲೆಲ್ಲ ನಡೆಯುತ್ತಿರುವುದರಿಂದ, ಹಣ ಕಟ್ಟುವ ಮೊದಲು ಏನನ್ನು ನೋಡಬೇಕು ಎಂಬುದು ಹೆಸರಿಲ್ಲದೆಯೂ ತಿಳಿದೀತು.

ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯ ಸಭಾಂಗಣ. ನಲವತ್ತೆರಡು ಜನ ಸೇರಿದ್ದೆವು, ಕುರ್ಚಿಗಳು ಮಾತ್ರ ಮೂವತ್ತಾರು, ಆದ್ದರಿಂದ ಮೊದಲ ಎರಡು ವಾರ ಕೆಲವರು ಚಾಪೆಯ ಮೇಲೆ ಕುಳಿತರು. ಮಧ್ಯಾಹ್ನದ ಚಿತ್ರಾನ್ನ, ಮೊಸರನ್ನ ಚೆನ್ನಾಗಿದ್ದವು. ಕೊಟ್ಟ ಕೈಪಿಡಿಯ ಕನ್ನಡವನ್ನು ಮಾತ್ರ ಓದಲಾಗಲಿಲ್ಲ. ಯಾವುದೋ ಇಂಗ್ಲಿಷ್ ಪಠ್ಯವನ್ನು ಯಂತ್ರಕ್ಕೆ ಹಾಕಿ ತಿರುವಿದಂತಿದ್ದ ಆ ತೊಂಬತ್ತಾರು ಪುಟಗಳಲ್ಲಿ "ನಿಮ್ಮ ಆರಾಮ ವಲಯದಿಂದ ಹೊರಗೆ ಹೆಜ್ಜೆ ಹಾಕಿ" ಎಂಬ ವಾಕ್ಯ ಏಳು ಕಡೆ ಬಂದಿತ್ತು. ಕೈಪಿಡಿಗೆ ಎಂದು ಶುಲ್ಕದಲ್ಲಿ 350 ರೂಪಾಯಿ ಸೇರಿಸಿದ್ದರು.

ಮೊದಲ ಮೂರು ಭಾನುವಾರಗಳು ಪೂರ್ತಿ ಪ್ರೇರಣೆಗೇ ಮೀಸಲಾಗಿದ್ದವು. ನಮ್ಮ ಸಂಘದಲ್ಲಿ ಪ್ರೋತ್ಸಾಹ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸರ್ಕಾರ ಲೀಟರಿನ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ; ಇಲ್ಲಿಯದು ಬೇರೆಯ ಬಗೆ. ತರಬೇತುದಾರರು ಒಳ್ಳೆಯ ಮಾತುಗಾರರು, ಧ್ವನಿಯನ್ನು ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ಬಲ್ಲವರು. ಅವರು ಎದ್ದು ನಿಲ್ಲಿ ಎಂದಾಗ ಎದ್ದೆವು, ಕೈತಟ್ಟಿ ಎಂದಾಗ ತಟ್ಟಿದೆವು, ಕಣ್ಣು ಮುಚ್ಚಿ ಐದು ವರ್ಷಗಳ ಮುಂದಿನ ನಮ್ಮನ್ನು ಕಲ್ಪಿಸಿಕೊಳ್ಳಿ ಎಂದಾಗ ಕಲ್ಪಿಸಿಕೊಂಡೆವು. ನನಗೆ ಪದವಿ ಪ್ರಮಾಣಪತ್ರ ಕಾಣಿಸಿದ್ದೂ ನಿಜ. ಆ ಭಾನುವಾರ ಸಂಜೆ ಬಸ್ಸಿನಲ್ಲಿ ಊರಿಗೆ ಮರಳುವಾಗ ಮೈಯಲ್ಲಿ ಏನೋ ಹುಮ್ಮಸ್ಸಿತ್ತು. ಮಂಗಳವಾರ ಸಂಜೆಯ ಹಾಲು ಮುಗಿದು, ಕ್ಯಾನುಗಳನ್ನು ತೊಳೆಸಿ, ಮನೆಗೆ ಬಂದು ಕಾಲು ಚಾಚುವ ಹೊತ್ತಿಗೆ ಆ ಹುಮ್ಮಸ್ಸು ಎಲ್ಲಿಗೆ ಹೋಗಿತ್ತೋ ತಿಳಿಯದು. ಲೆಕ್ಕಶಾಸ್ತ್ರದ ಪುಸ್ತಕ ತೆರೆದ ಪುಟದಲ್ಲೇ ಮಗುಚಿಕೊಂಡಿತ್ತು.

ಹುಮ್ಮಸ್ಸು ಇಳಿಯುವುದು ಸಹಜ. ಅದನ್ನು ಸಂಸ್ಥೆಯ ತಪ್ಪು ಎನ್ನಲಾರೆ. ನನ್ನ ಆಕ್ಷೇಪ ಇರುವುದು ಅವರು ವಿಜ್ಞಾನದ ಹೆಸರಿನಲ್ಲಿ ಹೇಳಿದ ಮಾತುಗಳ ಬಗ್ಗೆ. ಯಾವ ಕೆಲಸವನ್ನಾದರೂ 21 ದಿನ ಬಿಡದೆ ಮಾಡಿದರೆ ಅದು ಅಭ್ಯಾಸವಾಗುತ್ತದೆ ಎಂದು ಗೋಡೆಯ ಮೇಲೆ ದೊಡ್ಡದಾಗಿ ಅಂಟಿಸಿದ್ದರು. ಈ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನಗಳಾದರೂ ಬೇಕಾಗುತ್ತವೆ ಎಂದು 1960ರಲ್ಲಿ ಅವರು ಬರೆದರು. ಅವರ "ಕನಿಷ್ಠ" ಎಂಬ ಮಾತು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಊಟ, ನೀರು, ವ್ಯಾಯಾಮಗಳಂಥ ಒಂದು ಹೊಸ ರೂಢಿ ತನ್ನಷ್ಟಕ್ಕೆ ತಾನೇ ನಡೆಯುವಂತಾಗಲು ಜನರಿಗೆ 18 ದಿನಗಳಿಂದ 254 ದಿನಗಳವರೆಗೆ ಬೇಕಾಗಬಹುದೆಂದೂ, ನಡುವಿನ ಅಂಕಿ 66 ದಿನವೆಂದೂ ಕಂಡುಬಂತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲವೆಂಬುದೂ ಅದೇ ಅಧ್ಯಯನದಲ್ಲಿದೆ. ಗೋಡೆಯ 21ನ್ನು ನಂಬಿದ ನಮ್ಮ ಗುಂಪಿನ ಒಬ್ಬ ಹುಡುಗ ಇಪ್ಪತ್ತೆರಡನೆಯ ದಿನವೂ ಬೆಳಗಿನ ಓಟ ಕಷ್ಟವಾಗುತ್ತಿದೆ ಎಂದು ಬೇಸರಪಟ್ಟು, ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಓಟವನ್ನೇ ಬಿಟ್ಟ. ತಪ್ಪು ಅಂಕಿಯಿಂದ ಆಗುವ ಹಾನಿ ಇದು. ಮೊದಲ ಭಾನುವಾರದಿಂದ ಹತ್ತನೆಯ ಭಾನುವಾರಕ್ಕೆ 63 ದಿನಗಳಾಗುತ್ತವೆ. ಲಾಲಿಯವರ ಅಂಕಿಗೆ ಇಷ್ಟು ಹತ್ತಿರದ ಅವಧಿಯನ್ನು ಇಟ್ಟುಕೊಂಡೂ ಸಂಸ್ಥೆ ಅದರ ಲಾಭವನ್ನು ಪಡೆಯಲಿಲ್ಲ.

ಇನ್ನೊಂದು, ಸಿಹಿತಿಂಡಿಯ ವಿಡಿಯೊ. ಮಗುವಿನ ಮುಂದೆ ಒಂದು ಮಾರ್ಷ್‌ಮೆಲ್ಲೊ ಇಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಎಂದು ಹೇಳಿ ಹೋಗುವ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ತೋರಿಸಿ, ಕಾದ ಮಕ್ಕಳೇ ಮುಂದೆ ಗೆದ್ದರು, ಸಂಯಮವೇ ಯಶಸ್ಸು ಎಂದರು. ವಾಲ್ಟರ್ ಮಿಶೆಲ್ ಅವರ ಆ ಪ್ರಯೋಗಗಳು ನಡೆದದ್ದು ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದ ಮಕ್ಕಳ ಮೇಲೆ. 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ, ಕಾಯುವುದಕ್ಕೂ ಮುಂದಿನ ಯಶಸ್ಸಿಗೂ ಇರುವ ಸಂಬಂಧ ಮೊದಲು ಹೇಳಿದ್ದರ ಅರ್ಧದಷ್ಟಕ್ಕೆ ಇಳಿಯಿತು. ಮನೆಯ ಪರಿಸ್ಥಿತಿ ಮತ್ತು ಮಗುವಿನ ಮೊದಲಿನ ಸಾಮರ್ಥ್ಯವನ್ನು ಲೆಕ್ಕಕ್ಕೆ ತಂದುಕೊಂಡ ಮೇಲೆ ಆ ಅರ್ಧದಲ್ಲೂ ಬಹುಪಾಲು ಕರಗಿತು. ಕೊಟ್ಟ ಮಾತು ನಡೆಯುವ ಮನೆಯಲ್ಲಿ ಬೆಳೆದ ಮಗು ಕಾಯುತ್ತದೆ. ಇವತ್ತು ಇದ್ದದ್ದು ನಾಳೆ ಇರುವ ಖಾತ್ರಿಯಿಲ್ಲದ ಮನೆಯ ಮಗು ಸಿಕ್ಕಾಗ ತಿನ್ನುವುದೇ ಜಾಣತನ. ಇದನ್ನು ತಿಳಿಯಲು ನನಗೆ ಸ್ಟ್ಯಾನ್‌ಫರ್ಡ್ ಬೇಕಾಗಿರಲಿಲ್ಲ. ಮೇವಿನ ಸಾಲ ತೀರಿಸುವುದಕ್ಕೆ ಹಾಲು ಕೊಡುತ್ತಿರುವ ಹಸುವನ್ನೇ ಮಾರಿದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಸಂಯಮಕ್ಕೇನೂ ಕೊರತೆಯಿರಲಿಲ್ಲ.

ಇಡೀ ತರಬೇತಿಯ ದಿಕ್ಕು ಬದಲಾದದ್ದು ಮೂರನೆಯ ಭಾನುವಾರ ಮಧ್ಯಾಹ್ನ, ಅದೂ ತರಬೇತುದಾರರಿಂದಲ್ಲ. ಪ್ರತಿಯೊಬ್ಬರೂ ಎದ್ದು, ಬೆಳಿಗ್ಗೆ ತಮ್ಮನ್ನು ಹಾಸಿಗೆಯಿಂದ ಎಬ್ಬಿಸುವ ಸ್ಫೂರ್ತಿ ಯಾವುದು ಎಂದು ಹೇಳಬೇಕಿತ್ತು. ಒಬ್ಬರು ತಾಯಿ ಎಂದರು, ಒಬ್ಬರು ದೇಶ ಎಂದರು. ರೇಷ್ಮೆ ಬೆಳೆಗಾರರೊಬ್ಬರು, ಐವತ್ತರ ಆಸುಪಾಸಿನವರು, ಎದ್ದು ನಿಂತು ಸಂಕೋಚದಿಂದಲೇ ಹೇಳಿದರು: "ಸಾರ್, ಹುಳಕ್ಕೆ ಸೊಪ್ಪು ಹಾಕೋಕೆ ನನಗೆ ಸ್ಫೂರ್ತಿ ಬೇಕಾಗಿಲ್ಲ. ಹುಳ ಹಸ್ಕೊಂಡಿರ್ತದೆ." ಸಭಾಂಗಣ ನಕ್ಕಿತು. ತರಬೇತುದಾರರೂ ನಕ್ಕು ಮುಂದಿನವರನ್ನು ಕರೆದರು. ಅಲ್ಲೇ ನಿಲ್ಲಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ರೇಷ್ಮೆ ಸಾಕುವ ಮನೆಯನ್ನು ಕಂಡವರಿಗೆ ಆ ಮಾತಿನ ತೂಕ ಗೊತ್ತು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರದಲ್ಲಿದ್ದಾಗ ಸೊಪ್ಪು ಹಾಕಬಾರದು, ಎದ್ದ ಮೇಲೆ ತಡ ಮಾಡಬಾರದು. ನಾಲ್ಕನೆಯ ಜ್ವರ ಎದ್ದ ಹುಳ ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ತನಕ ತಿನ್ನುವ ರಭಸಕ್ಕೆ ಮನೆಮಂದಿಯೆಲ್ಲ ಸೊಪ್ಪು ಕೊಯ್ಯಲು ನಿಲ್ಲಬೇಕು. ಮದುವೆ, ಜಾತ್ರೆ, ಸಾವು ಯಾವುದಕ್ಕೂ ಹುಳ ಕಾಯುವುದಿಲ್ಲ. ಮನಸ್ಸು ಬಂದರೂ ಬಾರದಿದ್ದರೂ ಆಗಲೇಬೇಕಾದ ಕೆಲಸ ಅದು. ನನ್ನ ಹಾಲಿನ ಕೆಲಸವೂ ಹಾಗೆಯೇ: ಬೆಳಿಗ್ಗೆ ಬಾಗಿಲಲ್ಲಿ ಹತ್ತಾರು ಜನ ಕ್ಯಾನು, ಬಿಂದಿಗೆ ಹಿಡಿದು ನಿಂತಿರುತ್ತಾರೆ, ಬಾಗಿಲು ತೆರೆಯದೆ ಗತಿಯಿಲ್ಲ. ಹದಿನಾಲ್ಕು ವರ್ಷದ ನನ್ನ ಶಿಸ್ತೆಂದರೆ ಆ ಸಾಲು. ನನ್ನ ಬಿ.ಕಾಂ. ಪುಸ್ತಕದ ಮುಂದೆ ಯಾರೂ ಸಾಲುಗಟ್ಟಿ ನಿಂತಿರಲಿಲ್ಲ. ಎರಡು ಸಲ ಕೈಬಿಟ್ಟದ್ದಕ್ಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣ ಇದೇ ಎಂದು ಆ ಮಧ್ಯಾಹ್ನ ಮೊದಲ ಬಾರಿಗೆ ಹೊಳೆಯಿತು.

ನಾಲ್ಕನೆಯ ವಾರದಿಂದ ಶುರುವಾದ ಶಿಸ್ತಿನ ಭಾಗ, ಆದ್ದರಿಂದಲೋ ಏನೋ, ನನಗೆ ತುಂಬ ಹಿಡಿಸಿತು. ಇಲ್ಲಿ ಭಾಷಣ ಕಡಿಮೆ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ತಮ್ಮ ಕೆಲಸವನ್ನು "ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಇಂಥ ಕೆಲಸ ಮುಗಿದ ಕೂಡಲೇ" ಎಂದು ಬರೆಯಬೇಕಿತ್ತು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿ ವಿವರಿಸಿದ ವಿಧಾನ ಇದು: ಓದುತ್ತೇನೆ ಎಂಬ ಬರಿಯ ಸಂಕಲ್ಪಕ್ಕಿಂತ, ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಟ್ಟ ಕೆಲಸ ನಡೆಯುವ ಸಂಭವ ಹೆಚ್ಚು. ನನ್ನ ಮೊದಲ ಚೀಟಿಯಲ್ಲಿ "ದಿನಾ ಎರಡು ಗಂಟೆ ಓದುವುದು" ಎಂದಿತ್ತು. ಕಚೇರಿ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬರು ಅದನ್ನು ಹಿಂತಿರುಗಿಸಿ, "ಎಲ್ಲಿ ಕೂತ್ಕೊಂಡು ಓದ್ತೀರಾ ಅಣ್ಣಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಮನೆಯಲ್ಲಿ ಟಿ.ವಿ. ಇರುವ ಕೋಣೆ ಬಿಟ್ಟರೆ ಮಲಗುವ ಕೋಣೆ. ಕೊನೆಗೆ ಬರೆದದ್ದು ಹೀಗೆ: ಸಂಜೆಯ ಹಾಲಿನ ಲೆಕ್ಕ ಮುಗಿದು ಪುಸ್ತಕ ಮುಚ್ಚಿದ ಕೂಡಲೇ, ಸಂಘದ ಅದೇ ಮೇಜಿನಲ್ಲಿ, ನಲವತ್ತು ನಿಮಿಷ. ಮನೆಗೆ ಹೋಗಿ ಕಾಲು ಚಾಚುವ ಮೊದಲೇ ಓದು ಮುಗಿದಿರಬೇಕು. ಎರಡು ಗಂಟೆಯ ಓದು ನಲವತ್ತು ನಿಮಿಷಕ್ಕೆ ಇಳಿದದ್ದಕ್ಕೆ ನಾಚಿಕೆಯಾಯಿತು, ಆದರೆ ಆ ನಲವತ್ತು ನಿಮಿಷ ನಡೆಯಿತು.

ಜೊತೆಗೆ ಐದೈದು ಜನರ ಗುಂಪು ಮಾಡಿ ಕರೆಯ ಸರಪಳಿ ಕಟ್ಟಿದರು. ನಾನು ಮುಗಿಸಿದ ಮೇಲೆ ಮುಂದಿನವರಿಗೆ ಫೋನ್ ಮಾಡಬೇಕು, ಅವರು ಅವರ ಮುಂದಿನವರಿಗೆ. ಹೊಗಳಿಕೆ, ಉಪದೇಶ ಎರಡೂ ಕೂಡದು. ಆಯಿತು ಅಥವಾ ಆಗಲಿಲ್ಲ ಎಂದಷ್ಟೇ ಹೇಳಬೇಕು. ಎರಡು ದಿನ ಸರಪಳಿ ಕಡಿದರೆ ಕಚೇರಿಯ ಆ ಹೆಣ್ಣುಮಗಳ ಫೋನ್ ಬರುತ್ತಿತ್ತು, ಬೈಯುವ ದನಿಯಲ್ಲಲ್ಲ, ಏನಾಯಿತೆಂದು ವಿಚಾರಿಸುವ ದನಿಯಲ್ಲಿ. ನನ್ನ 4,800 ರೂಪಾಯಿಯಲ್ಲಿ ಬಹುಪಾಲನ್ನು ನಾನು ಈ ಏರ್ಪಾಟಿಗೆ ಕೊಟ್ಟದ್ದೆಂದು ಲೆಕ್ಕ ಹಿಡಿಯುತ್ತೇನೆ. ಬಿ.ಕಾಂ. ಪುಸ್ತಕದ ಮುಂದೆಯೂ ಒಬ್ಬರು ಕ್ಯಾನು ಹಿಡಿದು ನಿಂತಂತಾಯಿತು.

ನಾಯಕತ್ವದ ಪಾಠಗಳು ಎಲ್ಲಕ್ಕಿಂತ ದುರ್ಬಲ. ನಾಯಕನ ಹದಿಮೂರು ಲಕ್ಷಣಗಳು ಎಂಬ ಪಟ್ಟಿಯನ್ನು ಬರೆಸಿ, ಕಂಠಪಾಠ ಮಾಡಿಸಿದರು; ನಮ್ಮ ಸಂಘದ ಅಧ್ಯಕ್ಷರಿಗೆ ಆ ಹದಿಮೂರರಲ್ಲಿ ಎರಡೂ ಇಲ್ಲ, ಸಂಘ ಮಾತ್ರ ಲಾಭದಲ್ಲಿದೆ. ಆದರೆ ಆರನೆಯ ಭಾನುವಾರ ಪಟ್ಟಿಯಲ್ಲಿಲ್ಲದ ಒಂದು ಪಾಠ ತಾನಾಗಿ ನಡೆಯಿತು. ಬೆಂಗಳೂರಿನಿಂದ ಬರಬೇಕಿದ್ದ ತರಬೇತುದಾರರು ಅಂದು ಬರಲಿಲ್ಲ. ಹತ್ತೂವರೆಯಾಗುವಷ್ಟರಲ್ಲಿ ಅರ್ಧದಷ್ಟು ಜನ ಎದ್ದು ಹೋದರು. ಉಳಿದವರು ಯಾರೆಂದು ನೋಡಿದರೆ, ಸರಪಳಿ ಗಟ್ಟಿಯಾಗಿದ್ದ ಮೂರು ನಾಲ್ಕು ಗುಂಪಿನವರೇ. ಅವರು ತಮ್ಮ ತಮ್ಮ ಚೀಟಿಗಳನ್ನು ತೆಗೆದು, ಯಾವುದು ನಡೆಯಿತು ಯಾವುದು ನಡೆಯಲಿಲ್ಲ ಎಂದು ಮಾತಾಡುತ್ತ ಊಟದ ತನಕ ಕುಳಿತರು. 1939ರಲ್ಲಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹತ್ತು ಹನ್ನೊಂದು ವರ್ಷದ ಹುಡುಗರ ಕ್ಲಬ್ಬುಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಆಜ್ಞೆ ಮಾಡುವ ನಾಯಕನ ಕೈಕೆಳಗಿನ ಹುಡುಗರು ಅವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಕೆಲಸ ಬಿಟ್ಟರು. ಎಲ್ಲರನ್ನೂ ಕೇಳಿ ತೀರ್ಮಾನಿಸುವ ನಾಯಕನ ಗುಂಪು ಅವನಿಲ್ಲದಾಗಲೂ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ನಮ್ಮ ತರಬೇತುದಾರರು ಈ ಅಧ್ಯಯನವನ್ನು ಎಂದೂ ಹೇಳಲಿಲ್ಲ. ತಾವು ಗೈರುಹಾಜರಾಗಿ ಅದನ್ನೇ ಮಾಡಿ ತೋರಿಸಿದರು. ಅಂದು ನಿಜವಾದ ನಾಯಕತ್ವ ವಹಿಸಿದವರು ಆ ಕಚೇರಿಯ ಹೆಣ್ಣುಮಗಳು. ಅವರ ಹೆಸರು ಕರಪತ್ರದಲ್ಲಿ ಎಲ್ಲೂ ಇರಲಿಲ್ಲ.

ಏಳನೆಯ ಭಾನುವಾರ ಮುದ್ದೇನಹಳ್ಳಿಗೆ ಪ್ರವಾಸ. ಬಸ್ಸಿಗೆ ತಲಾ 150 ರೂಪಾಯಿ ಬೇರೆ ಕೊಡಬೇಕಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಮಾಧಿಯ ಬಳಿ ನಿಂತು ತರಬೇತುದಾರರು ಹೇಳಿದ್ದು ಎರಡು ಮೇಣದಬತ್ತಿಯ ಕಥೆ: ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಇದೇ ಕಥೆಯನ್ನು ದೀಪ ಬದಲಿಸಿ ಚಾಣಕ್ಯನ ಮೇಲೂ ಹೇಳುತ್ತಾರೆ. ಅಲ್ಲಿ ನಿಂತು ಹೇಳಬಹುದಾದ ಗಟ್ಟಿ ಸಂಗತಿಗಳಿಗೆ ಬರವೇನಿತ್ತು? ಇದೇ ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡ ಹುಡುಗ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ. ಸ್ವಂತ ಶಿಸ್ತು ಎಷ್ಟೇ ಇದ್ದರೂ ಆ ವೇತನ ಮಂಜೂರು ಮಾಡಿದವರ ದೂರದೃಷ್ಟಿ ಇಲ್ಲದಿದ್ದರೆ 1903ರಲ್ಲಿ ಖಡಕ್‌ವಾಸ್ಲಾದ ಜಲಾಶಯಕ್ಕೆ ಅವರು ರೂಪಿಸಿದ, ತಾನಾಗಿ ತೆರೆದುಕೊಳ್ಳುವ ಬಾಗಿಲುಗಳು ಬರುವುದು ಕಷ್ಟವಿತ್ತು. 1912ರಿಂದ 1918ರವರೆಗೆ ದಿವಾನರಾಗಿ ಅವರು ಮಾಡಿದ ಕೆಲಸಗಳಲ್ಲಿ 1913ರ ಮೈಸೂರು ಬ್ಯಾಂಕ್, 1916ರ ಮೈಸೂರು ವಿಶ್ವವಿದ್ಯಾಲಯ ಸೇರಿವೆ. ಎರಡೂ ಒಬ್ಬ ವ್ಯಕ್ತಿ ಎದ್ದುಹೋದ ಮೇಲೂ ನಡೆಯುವಂಥ ಏರ್ಪಾಟುಗಳು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಮೀಸಲಾತಿ ಕೊಡುವ ವಿಷಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ನಡುವೆ ಭಿನ್ನಾಭಿಪ್ರಾಯ ಬಂದು ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಮಹಾರಾಜರು ಈ ಮೀಸಲಾತಿಯ ವಿಚಾರಕ್ಕೆಂದು ನೇಮಿಸಿದ ಮಿಲ್ಲರ್ ಸಮಿತಿಯ ಹಾದಿಯಲ್ಲಿ ಮುಂದುವರಿದರು. ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ, ಯಶಸ್ಸು ಯಾರಿಗೆ ಹೇಗೆ ದಕ್ಕಬೇಕು ಎಂಬುದರ ಬಗ್ಗೆ ಇಬ್ಬರು ದೊಡ್ಡ ನಾಯಕರ ನಿಲುವು ಬೇರೆಯಾಗಿತ್ತು. ಅಂದು ನಮ್ಮ ಬಸ್ಸಿನಲ್ಲಿದ್ದ ಹಲವರ ಮನೆಗೆ ಮೊದಲ ಸರ್ಕಾರಿ ಸಂಬಳ ಬಂದದ್ದು ಯಾರ ನಿಲುವಿನಿಂದ ಎಂದು ಕೇಳಿದ್ದರೆ ನಾಯಕತ್ವದ ಚರ್ಚೆಗೆ ಜೀವ ಬರುತ್ತಿತ್ತು.

ನಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರ ಹೆಸರು ಹತ್ತು ವಾರದಲ್ಲಿ ಒಮ್ಮೆಯೂ ಬರಲಿಲ್ಲ ಎಂಬುದು ನನಗೆ ನುಂಗಲಾಗದ ಕೊರತೆ. ಗೌರಿಬಿದನೂರಿನ ಹೊಸೂರಿನಿಂದ ಹೈಸ್ಕೂಲು ಓದಲು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದವರು, ಭೌತಶಾಸ್ತ್ರದಲ್ಲಿ ಅಮೆರಿಕದ ಡಾಕ್ಟರೇಟ್ ಪಡೆದು ಬಂದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು, ಕೊನೆಯವರೆಗೆ ಖಾದಿ ಉಟ್ಟು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬದುಕಿದವರು. ಸಾಕ್ಷಿ ಇಲ್ಲದ ಯಾವುದನ್ನೂ ಒಪ್ಪಬೇಡಿ, ಪ್ರಶ್ನೆ ಕೇಳಿ ಎಂದು ಜೀವಮಾನವಿಡೀ ಹೇಳಿದ ಅವರು ಆ ಸಭಾಂಗಣದಲ್ಲಿ ಕುಳಿತಿದ್ದರೆ, 21 ದಿನದ ಪೋಸ್ಟರಿನ ಕೆಳಗೆ ಕೈ ಎತ್ತುತ್ತಿದ್ದರು ಎಂದು ಊಹಿಸಿಕೊಂಡು ನಾನೊಬ್ಬನೇ ನಕ್ಕೆ.

ಎಂಟನೆಯ ಭಾನುವಾರ ನಡೆದದ್ದನ್ನು ಸೇರುವವರು ಮೊದಲೇ ತಿಳಿದಿರಬೇಕು. ಅಂದಿನ ಸಂಜೆಯ ಅರ್ಧ ಹೊತ್ತು 18,000 ರೂಪಾಯಿಯ "ಮುಂದಿನ ಹಂತ"ದ ಪ್ರಚಾರಕ್ಕೆ ಹೋಯಿತು. ದೀಪ ಕಡಿಮೆ ಮಾಡಿ, ಸಂಗೀತ ಹಾಕಿ, ಯಾರು ನಿಜವಾಗಿ ಬದಲಾಗಲು ಬಯಸುತ್ತಾರೋ ಅವರು ಎದ್ದು ನಿಲ್ಲಿ ಎಂದರು. ಕುಳಿತೇ ಇದ್ದವರನ್ನು ಸೋತವರಂತೆ ಕಾಣುವಂತೆ ಮಾಡುವುದು ಪ್ರೇರಣೆಯಲ್ಲ, ಅದು ಸಂತೆಯಲ್ಲಿ ದಲ್ಲಾಳಿ ಬೆಲೆ ಏರಿಸುವ ಕಲೆ. ಕೋಲಾರದಿಂದ ಬರುತ್ತಿದ್ದ ಒಬ್ಬ ಯುವತಿ ಅಲ್ಲೇ 2,000 ಮುಂಗಡ ಕೊಟ್ಟು, ಮನೆಯವರು ಒಪ್ಪದಿದ್ದುದರಿಂದ ಮರುವಾರ ವಾಪಸ್ಸು ಕೇಳಿದಾಗ, ರಸೀದಿಯ ಹಿಂದೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಹಣ ಮರಳಿಸುವುದಿಲ್ಲ ಎಂದು ಅಚ್ಚಾಗಿರುವುದನ್ನು ತೋರಿಸಿದರು. ಕನ್ನಡದಲ್ಲಿ ಪಾಠ ಮಾಡುವವರು ಷರತ್ತನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಲಿ.

ಹಾಗಾದರೆ ಸೇರಬಹುದೇ? ಮಾಡಬೇಕಾದ ಕೆಲಸ ಯಾವುದೆಂದು ಗೊತ್ತಿದ್ದು, ಅದನ್ನು ಮಾಡಲು ಜೊತೆಯಿಲ್ಲದೆ ಒದ್ದಾಡುತ್ತಿರುವವರು ಸೇರಬಹುದು. ನಾಲ್ಕನೆಯ ವಾರದಿಂದ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿ, ಮೊದಲ ಮೂರು ವಾರ ತಪ್ಪಿದರೆ ನಷ್ಟವಿಲ್ಲ. ಏನು ಮಾಡಬೇಕೆಂಬುದೇ ತಿಳಿಯದೆ, ಯಾರಾದರೂ ಬಂದು ಎಬ್ಬಿಸಲಿ ಎಂದು ಕಾಯುತ್ತಿರುವ ಹುಡುಗರಿಗೆ ನಾನು ಇದನ್ನು ಹೇಳಲಾರೆ. ಭಾನುವಾರದ ಹುಮ್ಮಸ್ಸು, ಮಂಗಳವಾರದ ಅಪರಾಧಭಾವ, ಇವೆರಡರ ನಡುವೆ ಅವರು ತೂಗಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ, ಅದರಲ್ಲಿ ಎರಡು ಕಚೇರಿಯ ಹೆಣ್ಣುಮಗಳಿಗೆ.

ತರಬೇತಿ ಮುಗಿದು ಈಗ ನಾಲ್ಕು ತಿಂಗಳಾಯಿತು. ಮುಂದಿನ ಹಂತಕ್ಕೆ ನಮ್ಮ ಗುಂಪಿನ ಯಾರೂ ಸೇರಲಿಲ್ಲ, ಸರಪಳಿ ಮಾತ್ರ ನಡೆಯುತ್ತಿದೆ. ರಾತ್ರಿ ಎಂಟೂವರೆಗೆ ನಾನು ಲೆಕ್ಕಶಾಸ್ತ್ರ ಮುಚ್ಚಿ ರೇಷ್ಮೆಯವರಿಗೆ ಫೋನ್ ಮಾಡುತ್ತೇನೆ. ನಿನ್ನೆ ಅವರು ಎತ್ತಲಿಲ್ಲ. ಹತ್ತು ಗಂಟೆಗೆ ಅವರ ಮಗಳು ತಿರುಗಿ ಮಾಡಿ, "ಅಪ್ಪ ಸೊಪ್ಪಿನ ಮನೇಲಿದ್ದಾರೆ, ನಾಲ್ಕನೇ ಜ್ವರ ಎದ್ದಿದೆ, ಒಂದು ವಾರ ಅವರನ್ನ ಬಿಟ್ಟು ಮುಂದಿನವರಿಗೆ ಮಾಡಬೇಕಂತೆ" ಎಂದಳು.